ಬಲಗಡೆಯ ಅರಗು

ಬೆರಳು ಹೋಗದ ಕಡೆ ಗೆರೆ ಹೋಗಬಾರದು.

ಕಪಿಲೆಯ ದಡದ ಆ ಆಶ್ರಮದಲ್ಲಿ ಇದ್ದದ್ದು ಇದೊಂದೇ ನಿಯಮ. ಅಲ್ಲಿದ್ದವರೆಲ್ಲ ಅದನ್ನು ಮುರಿದಿದ್ದರು.

ಆಶ್ರಮ ಅಂದರೆ ಜಪತಪದ ಜಾಗವಲ್ಲ. ಕೆಟ್ಟ ರೇಡಿಯೋ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್‌ಗಳನ್ನು ಬಿಚ್ಚಿ, ಒಳಗೆ ಕರೆಂಟು ಹರಿಯುವ ದಾರಿಯನ್ನೆಲ್ಲ ಹುಡುಕಿ ನಕ್ಷೆ ಬರೆಯುವ ಜಾಗ. ಅವನ್ನು ಮಾಡಿದ ಕಂಪನಿಗಳು ನಕ್ಷೆ ಕೊಡುತ್ತಿರಲಿಲ್ಲ. "ರಿಪೇರಿ ಆಗೋದಲ್ಲ, ಹೊಸದು ತಗೊಳ್ಳಿ" ಅನ್ನುತ್ತಿದ್ದವು. ಪೆಟ್ಟಿಗೆಯ ಬೆನ್ನಿಗೆ 'ತೆರೆಯಬಾರದು' ಎಂದು ಅಚ್ಚು ಹಾಕುತ್ತಿದ್ದವು.

ಗುರುಗಳಾದ ಶಾಂತವೀರಯ್ಯನವರು ಮೊದಲು ತೆರೆಯುತ್ತಿದ್ದದ್ದೇ ಅಂಥ ಪೆಟ್ಟಿಗೆಯನ್ನು.

"ಮನುಷ್ಯ ಮುಚ್ಚಿದ್ದು. ಮನುಷ್ಯ ಬಿಚ್ಚಬಾರದಾ?" ಅನ್ನುತ್ತಿದ್ದರು. ಬರೆದ ನಕ್ಷೆಯನ್ನು ಕೇಳಿದ ಅಂಗಡಿಗೆಲ್ಲ ಹಂಚುತ್ತಿದ್ದರು. ಸುತ್ತಲಿನ ಊರಿನವರು ಅವರನ್ನು 'ಬುದ್ಧಿ' ಎಂದೇ ಕರೆಯುತ್ತಿದ್ದರು.

ಕಲಿತು ಹೊರಡುವ ಶಿಷ್ಯರಿಗೆ ಕೊನೆಯದಾಗಿ ಒಂದು ಆಂಪ್ಲಿಫೈಯರ್ ಕೊಡುವುದು ರೂಢಿ. ಯಾವಾಗಲೂ ಅದೇ ಮಾಡೆಲ್ಲು. ಒಬ್ಬರೇ ಕೂತು ಅದರ ನಕ್ಷೆ ಬರೆಯಬೇಕು. ಗೋಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿಟ್ಟ ಬುದ್ಧಿಯವರ ನಕ್ಷೆಗೆ ಅದು ತಾಳೆಯಾದರೆ, ಅವರ ಕೈಯಿಂದ ಬೆಸುಗೆ ಹಾಕುವ ಒಂದು ಸೋಲ್ಡರಿಂಗ್ ಐರನ್ ಸಿಗುತ್ತಿತ್ತು. ಅದು ಸಿಕ್ಕವರು ಅಂಗಡಿ ಇಡಬಹುದು. ಸಿಗದವರು ಇಡುವ ಹಾಗಿಲ್ಲ.

ಈ ಸಲ ನೀಲಾಂಬಿಕೆಯ ಸರದಿ.

ತೆರಕಣಾಂಬಿಯ ಬಸ್‌ಸ್ಟ್ಯಾಂಡ್ ಪಕ್ಕ ಅವಳು ಆಗಲೇ ಒಂದು ಮಳಿಗೆ ನೋಡಿ ಬಂದಿದ್ದಳು. ತನ್ನ ಹೆಸರಿನ ಫಲಕವನ್ನೂ ಬರೆಸಿ, ಗೋಣಿಚೀಲ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಳು.

ಆಂಪ್ಲಿಫೈಯರಿನ ಎಡಭಾಗ ಸಲೀಸಾಗಿ ಮುಗಿಯಿತು. ಮೀಟರಿನ ತಂತಿಯ ತುದಿಯ ಒಂದು ಮುಳ್ಳು ಇಲ್ಲಿ, ಇನ್ನೊಂದು ಅಲ್ಲಿ. ಮೀಟರು ಕುಂಯ್ ಅಂದರೆ ದಾರಿ ಉಂಟು, ಗೆರೆ ಎಳೆ. ಸುಮ್ಮನಿದ್ದರೆ ಇಲ್ಲ.

ಬಲಭಾಗದಲ್ಲಿ ಕಂಪನಿಯವರು ಕಪ್ಪು ಅರಗು ಸುರಿದಿದ್ದರು. ಕಲ್ಲಿನಂತೆ ಗಟ್ಟಿಯಾಗಿತ್ತು. ಮುಳ್ಳು ಇಳಿಯಲಿಲ್ಲ.

ಹಿರಿಯ ಶಿಷ್ಯ ಗುರುಮಲ್ಲ ಹಿಂದೆ ಬಂದು ನಿಂತ.

"ಯಾಕಮ್ಮ ಅಲ್ಲೇ ಬೀಡು ಬಿಟ್ಟೆ? ಎಡ ಹೆಂಗೋ ಬಲ ಹಂಗೆ. ಬರಿ, ಮುಗಿಸು."

"ನೀವು ಅರಗು ಬಿಡಿಸಿ ನೋಡಿದ್ರಾ ಅಣ್ಣ?"

"ಗೋಡೆ ನೋಡಿದೆ."

"ಎಲ್ಲರೂ?"

"ಎಲ್ಲರೂನೂ ಪಾಸಾಗಿದ್ದಾರೆ, ತಾಯಿ. ನೀನೂ ಆಗು."

ಅಷ್ಟರಲ್ಲಿ ಅಂಗಳದಲ್ಲಿ ದೊಡ್ಡ ದನಿ ಕೇಳಿಸಿತು. ಟೈಲರ್ ರೇವಮ್ಮ. ಕಂಕುಳಲ್ಲಿ ಅದೇ ಮಾಡೆಲ್ಲಿನ ಆಂಪ್ಲಿಫೈಯರು.

"ಅಡ್ಡ ಬಿದ್ದೆ ಬುದ್ಧಿ. ಮತ್ತೆ ಸುಟ್ಟೋಯ್ತು ನೋಡಿ, ಅದೇ ಬಲಗಡೆ. ನಿಮ್ಮ ನಕ್ಷೆ ಇಟ್ಕೊಂಡೇ ರಿಪೇರಿ ಮಾಡ್ದೆ ಅಂತಾನೆ ಅಂಗಡಿಯವ್ನು. ಯುಗಳಗೀತೆ ಹಾಕಿದ್ರೆ ಬಲಗಡೆ ಸ್ಪೀಕರಿನ ಹೆಂಗಸು ಬಾಯೇ ಬಿಡಕಿಲ್ಲ. ಗಂಡಸು ಒಬ್ನೇ ಪ್ರೀತಿ ಮಾಡ್ಕೋತಾ ಕೂತಿರ್ತಾನೆ!"

ಶಿಷ್ಯರು ನಕ್ಕರು.

"ಕಂಪನಿ ಮಾಲೇ ಖೋಟಾ ಕಣಮ್ಮ," ಅಂದ ಗುರುಮಲ್ಲ.

ನೀಲಾಂಬಿಕೆ ನಗಲಿಲ್ಲ. ಅವಳು ಗೋಡೆಯನ್ನು ನೋಡುತ್ತಿದ್ದಳು. ಬುದ್ಧಿಯವರ ನಕ್ಷೆಯ ಬಲಭಾಗ, ಎಡಭಾಗದ ಎದುರು ಕನ್ನಡಿ ಹಿಡಿದ ಹಾಗಿತ್ತು. ಗೆರೆಗೆ ಗೆರೆ. ಅರಗು ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಮಧ್ಯಾಹ್ನ ಅವಳು ತನ್ನ ಹಾಳೆಯನ್ನು ಗುರುಗಳ ಮುಂದಿಟ್ಟಳು. ಮೇಜಿನ ಮೇಲೆ ಹೊಸ ಐರನ್ ಸಿದ್ಧವಾಗಿತ್ತು. ರೇವಮ್ಮ ಇನ್ನೂ ಜಗಲಿಯ ಮೇಲೆ ಕೂತೇ ಇದ್ದಳು.

"ಅರ್ಧ ಬರೆದಿದ್ದೀಯ," ಅಂದರು ಬುದ್ಧಿ.

"ಮುಟ್ಟಿದಷ್ಟು ಬರೆದಿದ್ದೀನಿ, ಬುದ್ಧಿ."

"ಬಲಗಡೆ?"

"ಅಲ್ಲಿ ಅರಗಿದೆ. ಬೆರಳು ಹೋಗಲಿಲ್ಲ."

"ತುಂಬಿ ತಾ."

"ಏನನ್ನ ನೋಡಿ ತುಂಬಲಿ?"

ಎಲ್ಲರ ಕಣ್ಣೂ ಗೋಡೆಗೆ ಹೋಗಿ ವಾಪಸು ಬಂದವು.

"ಆ ಅರಗು ಬಿಡಿಸಲು ಹೋದರೆ ಬೋರ್ಡೇ ಕಿತ್ತು ಬರುತ್ತೆ," ಅಂದರು ಬುದ್ಧಿ.

"ಇರಬಹುದು. ಬಿಡಿಸಿ ನೋಡಿದವರು ಯಾರಾದರೂ ಇದ್ದಾರಾ ಬುದ್ಧಿ?"

"ನೀಲಾ!" ಗುರುಮಲ್ಲ ಗದರಿದ. "ಯಾರ ಹತ್ರ ಮಾತಾಡ್ತಿದ್ದೀಯ, ಜ್ಞಾನ ಇದೆಯಾ?"

"ಇದೆ ಅಣ್ಣ. ನಿಯಮ ಕಲಿಸಿದವರ ಹತ್ರ."

ಬುದ್ಧಿಯವರ ಮುಖ ಕೆಂಪಾಯಿತು. ಅವರು ಐರನ್ನನ್ನು ಅವಳ ಕಡೆಗೆ ಒಂದು ಗೇಣು ಸರಿಸಿದರು.

"ತುಂಬಿದರೆ ಇದು ನಿನ್ನದು. ಇಲ್ಲದಿದ್ದರೆ ಸಂಜೆ ಬಸ್ಸಿಗೆ ಹೊರಡು. ಮಳಿಗೆಯ ಆಸೆ ಬಿಡು."

ನೀಲಾಂಬಿಕೆಗೆ ಮಂಚದ ಕೆಳಗಿನ ಫಲಕ ನೆನಪಾಯಿತು. ಅಕ್ಷರಕ್ಕೆ ಹಳದಿ ಬಣ್ಣ ಬೇಕೆಂದು ಅವಳೇ ಹಟ ಹಿಡಿದು ಹಾಕಿಸಿದ್ದಳು.

ಅವಳು ಪೆನ್ಸಿಲ್ ಎತ್ತಿಕೊಂಡಳು. ಗುರುಮಲ್ಲ ಉಸಿರು ಬಿಟ್ಟ.

ಖಾಲಿ ಬಿಟ್ಟಿದ್ದ ಬಲಭಾಗದಲ್ಲಿ ಅವಳು ದಪ್ಪಕ್ಷರದಲ್ಲಿ ಒಂದೇ ಮಾತು ಬರೆದಳು: ನೋಡಿಲ್ಲ.

"ಕಂಪನಿಯವರು ಅರಗು ಹಾಕಿದ್ದು ನಮಗೆ ಕಾಣಬಾರದು ಅಂತ, ಬುದ್ಧಿ. ಅದರ ಮೇಲೆ ನಾವು ಗೆರೆ ಎಳೆದುಬಿಟ್ಟರೆ, ಅವರ ಕೆಲಸ ನಾವೇ ಪೂರೈಸಿಕೊಟ್ಟ ಹಾಗೆ. ನಾನು ಅವರ ಕೂಲಿಯಲ್ಲ. ಬಸ್ಸಿಗೇ ಹೋಗ್ತೀನಿ."

ಕೈಮುಗಿದು ಎದ್ದಳು. ಅಂಗಳ ದಾಟಲಿಲ್ಲ. ಜಗಲಿಯ ಮೇಲೆ ರೇವಮ್ಮನ ಪಕ್ಕ ಕೂತಳು.

"ರೇವಕ್ಕ, ಬಸ್ಸಿಗೆ ಇನ್ನೂ ಹೊತ್ತಿದೆ. ಇದರ ಅರಗು ಬಿಡಿಸಿ ನೋಡ್ಲಾ? ಬೋರ್ಡು ಹೋದ್ರೂ ಹೋಗಬಹುದು."

"ಸುಟ್ಟೋಗಿರೋದು ಇನ್ನೇನು ಹೋದಾತು? ಬಿಡಿಸವ್ವ. ಆ ಹೆಂಗಸು ಏನಂತಾಳೋ ನಾನೂ ಕೇಳ್ಬೇಕು."

ನೀಲಾಂಬಿಕೆ ಮುಚ್ಚಳ ತೆಗೆದಳು. ಚೂರಿಯ ತುದಿಯಿಂದ ಅರಗಿನ ಅಂಚನ್ನು ಕೆರೆಯತೊಡಗಿದಳು. ಪುಡಿ ಉದುರಿತು. ತುಂಡು ಏಳಲಿಲ್ಲ.

ಒಳಗೆ ಬುದ್ಧಿ ಎದ್ದು ನಿಂತರು. ಗೋಡೆಯ ಮೇಲಿನ ಕಟ್ಟನ್ನು ಇಳಿಸಿದರು. ಗಾಜು ತೆಗೆದು, ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅವಳು ಬಿಟ್ಟುಹೋದ ಪೆನ್ಸಿಲಿನಿಂದ ಅದರ ಬಲಭಾಗದ ಮೇಲೆ ಅದೇ ಮಾತನ್ನು ಬರೆದರು.

ಆಮೇಲೆ ಐರನ್ ಎತ್ತಿಕೊಂಡು ಜಗಲಿಗೆ ಬಂದರು.

"ತಣ್ಣನೆಯ ಚೂರಿಗೆ ಅದು ಬಗ್ಗಲ್ಲ," ಅಂದರು. "ಗುರುಮಲ್ಲ, ಪ್ಲಗ್ ಹಾಕು."

"ಬುದ್ಧಿ, ಅದು ಪಾಸಾದವರಿಗೆ ಕೊಡೋ ಐರನ್ನು..."

"ಪ್ಲಗ್ ಹಾಕು."

ಐರನ್ ಕಾದಿತು. ನೀಲಾಂಬಿಕೆ ಅದನ್ನು ಅರಗಿಗೆ ಒತ್ತಿ ಹಿಡಿದಳು. ಕಮಟು ಹೊಗೆ ಎದ್ದಿತು. ಅಂಚು ಮೆತ್ತಗಾಗಿ, ಚೂರಿಯ ಕೆಳಗೆ ಮೊದಲ ತುಂಡು ಮೇಲಕ್ಕೆದ್ದಿತು.

ಬುದ್ಧಿ ಅವಳ ಎದುರಿಗೆ ನೆಲದ ಮೇಲೆ ಕೂತರು. ಮೀಟರಿನ ಒಂದು ಮುಳ್ಳನ್ನು ತಾವು ಹಿಡಿದುಕೊಂಡರು.

"ನನ್ನ ಬೆರಳು ಎಲ್ಲಿಡಲಿ, ಹೇಳು."