ಒಡೆಯದ ಸಂಖ್ಯೆ

ನದಿ ದಂಡೆಯ ಆ ಆಶ್ರಮದಲ್ಲಿ ಕಲಿಸುತ್ತಿದ್ದುದು ಗಣಿತವೊಂದನ್ನೇ. ಓದು ಮುಗಿಸಿದ ಶಿಷ್ಯ ತಾನೇ ಹುಡುಕಿದ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ದಕ್ಷಿಣೆಯಾಗಿ ಒಪ್ಪಿಸಬೇಕು. ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗಕೂಡದು. ಗುರುಗಳು ಒಪ್ಪಿದರೆ ಊರಿಗೆ ಹೋಗಲು ಅಪ್ಪಣೆ, ಇಲ್ಲವಾದರೆ ಇಲ್ಲ.

ನೇಮಣ್ಣ ಅದುವರೆಗೆ ತಂದಿದ್ದ ಸಂಖ್ಯೆಗಳನ್ನೆಲ್ಲ ಆದಪ್ಪ ಗುರುಗಳು ಒಡೆದು ಹಾಕಿದ್ದರು. ಶಿಷ್ಯ ಜಾಣ, ಅದೇ ದೊಡ್ಡ ತಲೆನೋವು. ದಡ್ಡನಾಗಿದ್ದರೆ ಹೇಳಿದಷ್ಟು ಮಾಡಿ ಎಂದೋ ಊರು ಸೇರಿರುತ್ತಿದ್ದ. ಅಲ್ಲಿ ಅವನ ಮದುವೆ ನಿಶ್ಚಯವಾಗಿತ್ತು. ಮುಹೂರ್ತ ಮುಂದೂಡಿ ಸಾಕಾದ ಹೆಣ್ಣಿನ ಕಡೆಯವರು ಇನ್ನು ಕಾಯುವುದಿಲ್ಲವೆಂದು ಹೇಳಿ ಕಳಿಸಿದ್ದರು.

ಆ ಬೆಳಿಗ್ಗೆ ಅವನು ಓಡಿ ಬಂದು ಮರಳಿನ ಮೇಲೆ ಬರೆದ: ೫೧೦೫೧೧.

"ಎರಡರಿಂದ ಹದಿನೇಳರವರೆಗಿನ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡಿಸಿದೀನಿ, ಗುರುಗಳೇ. ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿದೇ ಉಳಿಯುತ್ತೆ. ಇದನ್ನ ಒಡೆಯೋಕೆ ಯಾರಿಂದಲೂ ಆಗಲ್ಲ."

ಗುರುಗಳಿಗೆ ಆಗಲೇ ರೇಗತೊಡಗಿತ್ತು.

"ಎಷ್ಟರ ತನಕ ಭಾಗಿಸಿ ನೋಡಬೇಕು ಅಂತ ಕಲಿಸಿದೀನಿ?"

"ವರ್ಗಮೂಲದ ತನಕ. ಇದಕ್ಕಾದರೆ ಏಳುನೂರು ಚಿಲ್ಲರೆ."

"ನೋಡಿದೆಯಾ?"

"ಅದರ ಅಗತ್ಯ ಕಾಣಲಿಲ್ಲ."

ಇಷ್ಟು ವರ್ಷ ಗಂಟಲು ಹರಿದುಕೊಂಡಿದ್ದು ಇದಕ್ಕಾಗಿಯೇ ಎಂದು ಗುರುಗಳಿಗೆ ಬೇಸರವಾಯಿತು. ಮಾತಾಡಿದರೆ ಬೈಗುಳವೇ ಬಂದೀತೆಂದು ಕಡ್ಡಿಯೊಂದನ್ನು ಅವನ ಕೈಗೆ ಕೊಟ್ಟರು.

"ಹತ್ತೊಂಬತ್ತರಿಂದ ಭಾಗಿಸು."

ನೇಮಣ್ಣ ನಗುನಗುತ್ತಲೇ ಶುರುಮಾಡಿದ. ಕೊನೆಯ ಸಾಲಿಗೆ ಬರುವಾಗ ನಗು ಇರಲಿಲ್ಲ. ಇಪ್ಪತ್ತಾರು ಸಾವಿರದ ಎಂಟುನೂರ ಅರವತ್ತೊಂಬತ್ತು ಬಂತು, ಶೇಷ ಏನೂ ಉಳಿಯಲಿಲ್ಲ. ಅಳಿಸಿ ಮತ್ತೆ ಮಾಡಿದ. ಮತ್ತೆಯೂ ಅದೇ.

"ಹಾಗಾದರೆ ಹತ್ತೊಂಬತ್ತನ್ನೂ ಸೇರಿಸಿ ಗುಣಿಸ್ತೀನಿ. ಆಮೇಲೆ ಒಂದು ಕೂಡಿಸಿಬಿಟ್ಟರೆ..."

ಗುರುಗಳು ಹಣೆ ಚಚ್ಚಿಕೊಂಡರು. ಅದನ್ನು ಒಡೆಯಲು ಇನ್ನೊಂದು ಬರುತ್ತದೆ, ಆಗ ಅದನ್ನೂ ಸೇರಿಸಿಕೊಂಡು ಕೂರುತ್ತೀಯಾ ಎಂದು ಕೇಳಿದರು. ನಿನ್ನ ಮದುವೆಯಿರಲಿ, ನಿನ್ನ ಮಕ್ಕಳ ಮದುವೆಯೂ ಹೀಗೇ ತಪ್ಪುತ್ತದೆ ಎಂದು ಗೊಣಗಿದರು.

ನೇಮಣ್ಣ ಕಡ್ಡಿ ಕೆಳಗಿಟ್ಟ. ಅವನ ಕಣ್ಣು ತುಂಬಿತ್ತು. ಗುರುಗಳಿಗೆ ಸಿಟ್ಟಿನ ನಡುವೆಯೂ ಪಾಪ ಅನ್ನಿಸಿತು.

"ಒಂದೇ ಒಂದು ಸಲವೂ ಅನುಮಾನ ಬರಲಿಲ್ಲ, ಗುರುಗಳೇ. ಲೆಕ್ಕ ತಪ್ಪದ ನನಗೆ ಯಾಕೆ ಹೀಗಾಯಿತು?"

"ಇದು ಒಡೆಯಬಾರದು ಅಂತ ನಿನಗೆ ಆಸೆಯಿತ್ತು."

"ಮತ್ತೆ ನಾನೇನು ಮಾಡಲಿ?"

ಗುರುಗಳು ಕಾಲಿನಿಂದ ಮರಳು ಸರಿಮಾಡಿದರು.

"ಇನ್ನು ಮೇಲೆ ಸಂಖ್ಯೆ ಸಿಕ್ಕಿದರೆ ಅದನ್ನ ಒಡೆಯೋಕೆ ಕೂತ್ಕೋ. ಒಡೆಯಲಾರದೆ ಸೋತು ಬಂದ ದಿನ ಊರಿಗೆ ಹೋಗು."