ದೇವೀರಮ್ಮನ ಬೈಗುಳ

ಹೊಳೆ ದಂಡೇಲಿ, ನಮ್ಮ ಗೋಡೆಗೆ ಅಂಟ್ಕೊಂಡೇ ಪುಟ್ಟದೇವಯ್ಯ ಅನ್ನೋ ಕವಿಗಳ ಮನೆ. ಕವಿತೆ ಕಲೀತೀನಿ ಅಂತ ರಾಚಪ್ಪ ಬಂದು ಅವ್ರ ಶಿಷ್ಯ ಆಗಿದ್ದ. ಬರಿಯೋದು ಎರಡು ಸಾಲು, ಗಡ್ಡ ಕೆರ್ಕೊಳೋದು ಅರ್ಧ ದಿನ.

ಕವಿಗಳು ಕವಿತೆ ಬರೀತಿದ್ದದ್ದು ಊರಿಗೆ. ಮನಸ್ಸಲ್ಲಿ ಇದ್ದದ್ದನ್ನ ಬರೀತಿದ್ದದ್ದು ಬೇರೆ ಊರಲ್ಲಿದ್ದ ಅಕ್ಕ ದೇವೀರಮ್ಮಂಗೆ, ಕಾಗದದಲ್ಲಿ.

‘ಅಕ್ಕಾ, ಕವಿತೆ ಬರ್ತಿಲ್ಲ. ಗುಡಿಗೆ ಹೋದ್ರೆ ನಾನು ಕೈ ಮುಗೀತೀನಿ, ಮನಸ್ಸು ಹೊರಗಡೆ ಚಪ್ಪಲಿ ಕಾಯ್ತಾ ಕೂತಿರ್ತದೆ. ಇನ್ನೊಂದು, ನೀನು ಓಟು ಹಾಕ್ದ ಪಂಚಾಯ್ತಿ ಮೆಂಬರು ಕಳ್ಳ.’

ಆಯಮ್ಮ ತಿರುಗಿ ಬರಿಯೋಳು:

‘ಲೋ ಮಂಕುದಿಣ್ಣೆ, ಬರ್ತಿಲ್ಲ ಅಂದ್ರೆ ಸುಮ್ಕಿರು. ಹಸು ವರ್ಷವೆಲ್ಲ ಹಾಲು ಕೊಡ್ತದಾ? ದೇವ್ರೇನು ನಿನ್ನ ಮನಸ್ಸಿಗೆ ಬಾಯ್ಬಿಟ್ಕೊಂಡು ಕುಂತಿಲ್ಲ. ಮೆಂಬರು ಕಳ್ಳ ಅಂತ ನಂಗೂ ಗೊತ್ತು. ನಿನ್ನ ಪಾರ್ಟಿಯೋನು ಅವ್ನಿಗೂ ಅಪ್ಪ. ಅದಕ್ಕೇ ಇವ್ನಿಗೆ ಹಾಕ್ದೆ.’

ಅದನ್ನ ಓದ್ಕೊಂಡು ಕವಿಗಳು ನಗೋದು ನಮ್ಮ ಅಡಿಗೆಮನೆಗೆ ಕೇಳ್ಸೋದು.

‘ಗುರುಗಳೇ, ಇಷ್ಟು ಬೈತಾರಲ್ಲ, ನಿಮ್ಗೆ ಬೇಜಾರಾಗಲ್ವಾ?’ ಅಂದ ರಾಚಪ್ಪ.

‘ಊರೆಲ್ಲ ನಂಗೆ ಶಾಲು ಹೊದಿಸ್ತದೆ ಕಣೋ. ಅವ್ಳೊಬ್ಳು ಕಿತ್ತಾಕ್ತಾಳೆ. ಸೆಕೆ ಆಗ್ತಿರ್ತದಲ್ಲ!’

ಗುರುಗಳ ಕಾಗದ ಪೋಸ್ಟಿಗೆ ಹಾಕೋನು ರಾಚಪ್ಪನೇ. ಹಾಕೋಕೆ ಮುಂಚೆ ನಕಲು ಮಾಡ್ಕೋತಿದ್ನಂತೆ, ಅಕ್ಕನ ಕಾಗದ ಬಂದ್ರೆ ಅದನ್ನೂ, ಭೂಪ. ಅಕ್ಕ-ತಮ್ಮ ಇಬ್ರ ಕಾಗದಾನೂ ಸೇರಿಸಿ, ಹೇಳ್ದೆ ಕೇಳ್ದೆ ಒಂದು ಪತ್ರಿಕೇಲಿ ಅಚ್ಚು ಹಾಕಿಸ್ಬಿಟ್ಟ.

‘ಗುರುಗಳೇ, ಊರೂರೇ ಓದ್ತಾ ಅದೆ! ನಿಮ್ಮ ಕವಿತೆಗಿಂತ ಕಾಗದಾನೇ ಚೆಂದ ಅಂತಾವ್ರೆ!’

‘ಅಕ್ಕನೂ ಓದಿದ್ಲಾ?’

‘ಓದಿರ್ತಾರೆ. ಮೆಂಬರೂ ಓದವ್ನೆ. ಪತ್ರಿಕೆ ಹಿಡ್ಕೊಂಡು ಅಕ್ಕಾವ್ರ ಬಾಗ್ಲಿಗೇ ಹೋಗಿ ಕೂಗಾಡಿದ್ನಂತೆ.’

ಕವಿಗಳು ಉಣ್ತಿದ್ದ ತಟ್ಟೆ ಪಕ್ಕಕ್ಕೆ ತಳ್ಳಿದ್ರು.

ಮುಂದಿನ ವಾರ ಅಕ್ಕನ ಕಾಗದ ಬಂತು. ರಾಚಪ್ಪನೇ ಗಟ್ಟಿಯಾಗಿ ಓದ್ದ.

‘ಪೂಜ್ಯ ಕವಿಗಳಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯಿರಿ. ಇತಿ, ದೇವೀರಮ್ಮ.’

‘ನೋಡಿ ಗುರುಗಳೇ, ಈಗ ಎಂಥ ಮರ್ಯಾದೆ! ಒಂದು ಬೈಗುಳ ಇಲ್ಲ!’

ಕವಿಗಳು ಕಾಗದ ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ರು. ಇನ್ನೇನೂ ಇರ್ಲಿಲ್ಲ. ಪೆನ್ನು ಹಿಡಿದು ‘ಅಕ್ಕಾ’ ಅಂತ ಬರೆದ್ರು. ಸಂಜೆಗಂಟ ಅಷ್ಟೇ. ಎರಡನೇ ಮಾತು ಬರ್ಲಿಲ್ಲ.

ಆಗ ಹೊಳೀತು ನಮ್ಮ ರಾಚಪ್ಪಂಗೆ, ಏನು ಮಾಡಿಟ್ಟಿದ್ದೀನಿ ಅಂತ.

‘ತಪ್ಪಾಯ್ತು ಗುರುಗಳೇ. ಅದೇ ಪತ್ರಿಕೇಲಿ ಕ್ಷಮೆ ಕೇಳಿ ಅಚ್ಚು ಹಾಕಿಸ್ಲಾ?’

‘ಅಚ್ಚು ಹಾಕಿಸಿದ್ದೇ ರೋಗ. ಅದ್ನೇ ಮದ್ದು ಅಂತೀಯಲ್ಲೋ! ಬಸ್ಸು ಹತ್ತು, ಅಕ್ಕನ ಹತ್ರಾನೇ ಹೋಗಿ ಕೇಳು.’

ರಾಚಪ್ಪ ಹೋದ. ಮಾರನೇ ದಿನ ಬಂದ, ಮುಖ ಊರಗಲ.

‘ಅಕ್ಕ ಏನಂದ್ಲು?’

‘ನಾನು ಸುಮ್ನೆ ಹೆದರ್ಕೊಂಡಿದ್ದೆ ಗುರುಗಳೇ. ಚಾಪೆ ಹಾಸಿದ್ರು. ಕಾಫಿ ಕೊಟ್ರು. ಕಾಲಿಗೆ ಬಿದ್ದೆ. “ಪರ್ವಾಗಿಲ್ಲ, ಎದ್ದೇಳಿ” ಅಂದ್ರು. ಒಂದು ಮಾತೂ ಬೈಲಿಲ್ಲ. ಎಲ್ಲ ಕ್ಷಮಿಸ್ಬಿಟ್ರು!’

ಕವಿಗಳು ಅವನು ಇಳಿಸಿದ್ದ ಚೀಲ ಎತ್ತಿ ಮತ್ತೆ ಅವನ ಹೆಗಲಿಗೇ ಹಾಕಿದ್ರು.

‘ಇನ್ನೂ ಕ್ಷಮಿಸಿಲ್ಲ ಕಣೋ. ಬೈಸ್ಕೊಳೋಗಂಟ ಹೋಗ್ತಾನೇ ಇರು.’