ಸಾಹುಕಾರನ ನಡಿಗೆ

"ಗುರುಗಳೇ, ಮಗುವಿಗೆ ಪಾತ್ರದ ನಡಿಗೆ ಬಾರದಿದ್ದರೆ ಎಲ್ಲಿಯವರೆಗೆ ತಿದ್ದಬೇಕು?" ಎಂದು ಶಿಷ್ಯ ಕೇಳಿದ. ಅವನು ಒಂದು ಶಾಲೆಯಲ್ಲಿ ಮಕ್ಕಳಿಗೆ ಮೂಕಿ ಚಿತ್ರಗಳ ಅಭಿನಯ ಕಲಿಸುತ್ತಿದ್ದ. "ಒಬ್ಬ ಹುಡುಗನಿಗೆ ಪೊಲೀಸನ ಪಾತ್ರ ಕೊಟ್ಟಿದ್ದೇನೆ. ಎದೆ ಸೆಟೆಸು ಎಂದರೆ ತಲೆ ತಗ್ಗಿಸಿ ನಡೆಯುತ್ತಾನೆ. ತಿದ್ದಿ ತಿದ್ದಿ ಸಾಕಾಯಿತು."

ಗುರುಗಳು ಹೇಳಿದರು:

ಒಂದು ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ಮೂಕಿ ಚಿತ್ರಗಳೆಂದರೆ ಅವರಿಗೆ ಪ್ರಾಣ. ಗೋಡೆಯ ಮೇಲೆ ಬಿಳಿ ಪಂಚೆ ಕಟ್ಟಿ ಮಕ್ಕಳಿಗೆ ತೋರಿಸುತ್ತಿದ್ದರು. ಮಾತಿಲ್ಲದ ಆ ಚಿತ್ರಗಳಲ್ಲಿ ಯಾರು ಯಾರೆಂಬುದು ಮೈಯಿಂದಲೇ ತಿಳಿಯಬೇಕು. ಕಳ್ಳನಾದರೆ ತುದಿಗಾಲು. ಸಾಹುಕಾರ ಹೊಟ್ಟೆ ಮುಂದೆ ಮಾಡಿ ನಡೆಯುತ್ತಾನೆ. ಭಿಕ್ಷುಕ ಸೊಂಟ ಬಗ್ಗಿಸಿ, ಹೊಟ್ಟೆಗೆ ಕೈಯೊತ್ತಿ ನಡೆಯುತ್ತಾನೆ. ಇದನ್ನೆಲ್ಲ ಅವರು ಶ್ರದ್ಧೆಯಿಂದ ಕಲಿಸಿದರು. "ನೋಡುವ ಕಣ್ಣಿದ್ದರೆ ಸಾಕು, ಮೈ ಎಲ್ಲವನ್ನೂ ಹೇಳುತ್ತದೆ" ಎನ್ನುತ್ತಿದ್ದರು. ಅಭ್ಯಾಸದ ಕೋಣೆಗೆ ಒಂದೇ ನಿಯಮ. ಹೊಸ್ತಿಲು ದಾಟಿದ ಮೇಲೆ ಗಂಟೆ ಹೊಡೆಯುವ ತನಕ ಮಕ್ಕಳು ಯಾರೂ ಬಾಯಿ ಬಿಡಬಾರದು. ಬಿಟ್ಟವರ ಪಾತ್ರ ಹೋಯಿತು.

ಆ ವರ್ಷ ವಾರ್ಷಿಕೋತ್ಸವದ ಮೂಕಾಭಿನಯದಲ್ಲಿ ಸಾಹುಕಾರನ ಪಾತ್ರ ನಾಗವೇಣಿ ಎಂಬ ಸಣಕಲು ಹುಡುಗಿಗೆ ಸಿಕ್ಕಿತ್ತು. ಅವಳಿಗೆ ಅದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ಮನೆಯಿಂದ ಒಂದು ದಿಂಬು ತಂದು ಹೊಟ್ಟೆಗೆ ಕಟ್ಟಿಕೊಳ್ಳುತ್ತಿದ್ದಳು. ಬೀದಿಯಲ್ಲಿ ನೀರು ತರುವಾಗಲೂ ಹಾಗೆಯೇ ನಡೆಯುತ್ತಿದ್ದಳು.

ಒಂದು ಶನಿವಾರ ಅವಳು ಸೊಂಟ ಬಗ್ಗಿಸಿ, ಹೊಟ್ಟೆಗೆ ಕೈಯೊತ್ತಿಕೊಂಡು ಒಳಗೆ ಬಂದಳು. ಮಕ್ಕಳು ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ನಕ್ಕರು. ಮೇಷ್ಟ್ರಿಗೂ ನಗು ಬಂತು.

"ಏನಪ್ಪಾ ಸಾಹುಕಾರ, ರಾತ್ರೋರಾತ್ರಿ ದಿವಾಳಿಯಾದೆಯಾ? ಇದು ಭಿಕ್ಷುಕನ ನಡಿಗೆ ಕಣೋ. ಕೈ ತೆಗಿ. ಹೊಟ್ಟೆ ಮುಂದೆ ಬರಲಿ."

ಹುಡುಗಿ ಅವರ ಮುಖ ನೋಡಿದಳು. ಪಾಠ ಮರೆತಿದ್ದಾಳೆ ಎಂದುಕೊಂಡು ಮೇಷ್ಟ್ರು ತಾವೇ ನಡೆದು ತೋರಿಸಿದರು. ಜಾರಿದ್ದ ದಿಂಬನ್ನು ಎತ್ತಿ ದಾರ ಬಿಗಿದರು. ಅವಳು ಕೈ ತೆಗೆದಳು. ನೆಟ್ಟಗಾದಳು. ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದಳು. ಹಲ್ಲು ಕಚ್ಚಿದ ಆ ಮುಖದಲ್ಲಿ ಮೇಷ್ಟ್ರಿಗೆ ಸಾಹುಕಾರನ ದರ್ಪ ಕಂಡಿತು. ಹಣೆಯ ಬೆವರೂ ಕಂಡಿತು. ಎಷ್ಟು ಕಷ್ಟಪಡುತ್ತಿದ್ದಾಳೆ ಎಂದು ಮನಸ್ಸು ತುಂಬಿ ಬಂತು. ಇಷ್ಟು ವರ್ಷದಲ್ಲಿ ಇಂಥ ಸಾಹುಕಾರನನ್ನು ಅವರು ಕಂಡಿರಲಿಲ್ಲ.

"ಭೇಷ್!" ಎಂದರು. "ಇನ್ನೊಂದು ಸಲ."

ಅವಳು ಇನ್ನೊಂದು ಸಲ ನಡೆದಳು. ಸಂಜೆಯ ಗಂಟೆಯವರೆಗೂ ನಡೆದಳು.

ಶಾಲೆಯ ಗೇಟಿನ ಹತ್ತಿರ ಬಿದ್ದಳು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದಿತ್ತು. ಮಧ್ಯಾಹ್ನವೇ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರು. ಮಗು ಉಳಿಯಲಿಲ್ಲ.

ಕೆಲವು ದಿನ ಕಳೆದ ಮೇಲೆ ತಾಯಿ ದಿಂಬನ್ನು ತೆಗೆದುಕೊಂಡು ಹೋಗಲು ಶಾಲೆಗೆ ಬಂದಳು. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಆಕೆ ಹೋಗಲಿಲ್ಲ.

"ಹಗಲೆಲ್ಲ ನಿಮ್ಮ ಕಣ್ಣ ಮುಂದೇನೇ ಇದ್ಲಲ್ಲ ಮೇಷ್ಟ್ರೇ. ನೋವು ಅಂತ ನಿಮಗೆ ಹೇಳ್ಲೇ ಇಲ್ವಾ?"

"ಹೇಳಿದಳು, ತಾಯೀ," ಎಂದರು ಮೇಷ್ಟ್ರು. "ಬಾಗಿಲಲ್ಲೇ ಹೇಳಿದಳು. ನಾನು ತಿದ್ದಿದೆ."

ಗುರುಗಳು ಮಾತು ನಿಲ್ಲಿಸಿದರು.

"ಆಮೇಲೆ?" ಎಂದ ಶಿಷ್ಯ.

"ಆಮೇಲೇನು? ವಾರ್ಷಿಕೋತ್ಸವ ನಡೆಯಿತು. ಇನ್ನೊಂದು ಮಗು ಸಾಹುಕಾರನಾಯಿತು. ಜನ ಚಪ್ಪಾಳೆ ಹೊಡೆದರು. ಅಲ್ಲಿಂದ ಮುಂದೆ ಆ ಮೇಷ್ಟ್ರಿಗೆ ಯಾವ ಮಗುವನ್ನು ನೋಡಿದರೂ, ಅದು ನಟಿಸುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಸಾಯುವ ತನಕ ತಿಳಿಯಲಿಲ್ಲ."

"ಹಾಗಾದರೆ ನನ್ನ ಪೊಲೀಸನನ್ನು ತಿದ್ದಬೇಕೋ, ಬೇಡವೋ?" ಎಂದ ಶಿಷ್ಯ.

ಗುರುಗಳು ಕೇಳಿದರು: "ತಲೆ ತಗ್ಗಿಸಿ ಅವನು ನಿನಗೆ ಏನು ಹೇಳುತ್ತಿದ್ದಾನೆ?"